ಅಪ್ಪನ ಆಸ್ತಿಗೆ ಟ್ಯಾಕ್ಸು: ಓದುಗರು ಕೇಳಿದ್ದು, ಅಕ್ಕ ಹೇಳಿದ್ದು

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಒಟ್ಟು ಹಾಕಿ ನೋಡಿದ್ರೆ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯ. ಅಪ್ಪ-ಅಮ್ಮ ಬಿಟ್ಟುಹೋದ ಆಸ್ತಿಗೆ ಸರಕಾರ ಟ್ಯಾಕ್ಸ್ ಹಾಕ್ತದಾ, ಹಾಕಬೇಕಾ ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಇದನ್ನೇ ತೆಗೊಂಡಿದ್ದೇನೆ. ಕಾಸರಗೋಡಿನ ಒಂದು ಆಡಿಟರ್ ಆಫೀಸಲ್ಲಿ 31 ವರ್ಷ ಕೂತು ಊರವರ ಆಸ್ತಿ ಕಾಗದ ಓದಿದವಳು ನಾನು, ಈ ವಿಷಯದಲ್ಲಿ ನನಗೆ ಹೇಳ್ಲಿಕ್ಕೆ ತುಂಬ ಉಂಟು.

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 68 ವರ್ಷ. ನಾಲ್ಕು ಎಕರೆ ಜಾಗ, ಮೂರು ಎಕರೆ ಅಡಿಕೆ, ಉಳಿದದ್ದು ಗೇರು, ಸ್ವಲ್ಪ ತೆಂಗು. ಅಜ್ಜ ಗೇಣಿಗೆ ಮಾಡ್ತಿದ್ದದ್ದು, ಆಮೇಲೆ ಅಪ್ಪನ ಹೆಸರಿಗೆ ಪಟ್ಟೆ ಆಯ್ತು. ಮಗ ಬೆಂಗಳೂರಲ್ಲಿ, ಮಗಳು ಪುತ್ತೂರಲ್ಲಿ. ನಾನು ಸತ್ತ ಮೇಲೆ ಅರ್ಧ ಆಸ್ತಿ ಸರಕಾರಕ್ಕೆ ಹೋಗುವ ಕಾನೂನು ಬರ್ತದೆ, ಈಗಲೇ ಮಕ್ಕಳ ಹೆಸರಿಗೆ ಮಾಡಿ ಅಂತ ಕುಟುಂಬದ ಗ್ರೂಪಲ್ಲಿ ಮೆಸೇಜು ಬಂದಿದೆ. ಮಗನೂ ಅದನ್ನೇ ಹೇಳ್ತಾನೆ. ಮಾಡಿಬಿಡ್ಲಾ? ಬೆವರು ಸುರಿಸಿ ಮಾಡಿದ್ದಕ್ಕೆ ಸತ್ತ ಮೇಲೂ ಟ್ಯಾಕ್ಸ್ ಅಂದ್ರೆ ಇದು ನ್ಯಾಯವಾ?
(ಪೆರ್ಲದ ಹತ್ತಿರದ ಒಬ್ಬ ಕೃಷಿಕರು)

ಉತ್ತರ: ಅಣ್ಣಾ, ಮೊದಲು ಹೆದರಿಕೆ ಬಿಡಿ. ಇವತ್ತು ಭಾರತದಲ್ಲಿ ತೀರಿಹೋದವರ ಆಸ್ತಿ ಮಕ್ಕಳಿಗೆ ಬಂದದ್ದಕ್ಕೆ ಅಂತ ಒಂದು ಪೈಸೆ ಟ್ಯಾಕ್ಸ್ ಇಲ್ಲ. ವಿಲ್ ಬರೆದು ಬಂದ್ರೂ ಇಲ್ಲ, ವಿಲ್ ಇಲ್ಲದೆ ಬಂದ್ರೂ ಇಲ್ಲ, ನೀವು ಬದುಕಿರುವಾಗಲೇ ಮಗನಿಗೋ ಮಗಳಿಗೋ ದಾನ ಕೊಟ್ರೂ ಇನ್ಕಮ್ ಟ್ಯಾಕ್ಸ್ ಇಲ್ಲ. ಭಾಗಪತ್ರಕ್ಕೆ ಸ್ಟಾಂಪು, ರಿಜಿಸ್ಟ್ರೇಷನ್ ಫೀಸು, ಪೋಕುವರವು (ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸುವ ಓಡಾಟ, ಅಷ್ಟೇ. ವಿಲೇಜ್ ಆಫೀಸಿಗೆ ಕಟ್ಟುವ ತೀರ್ವೆ (ಭೂಕಂದಾಯ) ಬೇರೆ, 2025ರ ಬಜೆಟಲ್ಲಿ ಕೇರಳ ಸರಕಾರ ಅದನ್ನು ಶೇ. 50 ಏರಿಸಿದ್ದು ನಿಮಗೂ ಗೊತ್ತುಂಟು, ಆದ್ರೆ ಅದು ಜಾಗ ಇರುವವರೆಲ್ಲ ಕಟ್ಟುವುದು, ಸಾವಿಗೂ ಅದಕ್ಕೂ ಸಂಬಂಧ ಇಲ್ಲ.

ಹಿಂದೆ ಇತ್ತು, ಹೌದು. 1953ರ ಎಸ್ಟೇಟ್ ಡ್ಯೂಟಿ ಕಾಯಿದೆ, ಆ ವರ್ಷ ಅಕ್ಟೋಬರ್ 15ರಿಂದ ಜಾರಿ. ಆಗ ನಮ್ಮ ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಕಾಯಿದೆಯ 7ನೇ ಸೆಕ್ಷನ್ ಮೊದಲ ಸಲ ಓದಿದಾಗ ನನಗೆ ಆಶ್ಚರ್ಯ ಆಗಿತ್ತು, ದೆಹಲಿಯಲ್ಲಿ ಇಂಗ್ಲಿಷಲ್ಲಿ ಬರೆದ ಕಾನೂನಲ್ಲಿ ಆಸ್ತಿ ತಾಯಿ ಕಡೆಯಿಂದ ಇಳಿಯುವ ಅಳಿಯಸಂತಾನದ ‘ಕುಟುಂಬ’, ‘ಕವರು’, ಮಲಯಾಳದವರ ಅಂಥದೇ ಪದ್ಧತಿಯಾದ ಮರುಮಕ್ಕತ್ತಾಯದ ‘ತರವಾಡು’, ‘ತಾವಳಿ’ ಅಂತ ನಮ್ಮ ಮನೆಯ ಮಾತು ಹಾಗೇ ಉಂಟು, ಅಳಿಯಕಟ್ಟಿನ ಮನೆಯಲ್ಲಿ ಒಬ್ಬರು ತೀರಿಹೋದ್ರೆ ಅವರ ಪಾಲು ಎಷ್ಟು ಅಂತ ಲೆಕ್ಕ ಹಿಡಿಯಬೇಕಲ್ಲ, ಅದಕ್ಕೆ. ಆಮೇಲಾಮೇಲೆ ದರ ಏರಿ ಏರಿ 20 ಲಕ್ಷದ ಮೇಲಿನ ಭಾಗಕ್ಕೆ ಶೇ. 85 ತನಕ ಹೋಯ್ತು. ನೂರು ರೂಪಾಯಿಗೆ 85 ರೂಪಾಯಿ ಕೇಳಿದ್ರೆ ಯಾರು ನೇರ ಲೆಕ್ಕ ಕೊಡ್ತಾರೆ ಹೇಳಿ? ಕಡೆಗೆ 1985ರಲ್ಲಿ ಹಣಕಾಸು ಮಂತ್ರಿಯಾಗಿದ್ದ ವಿ.ಪಿ. ಸಿಂಗ್ ಅದನ್ನು ತೆಗೆದುಹಾಕಿದ್ರು, ಇಡೀ ದೇಶದಿಂದ ವರ್ಷಕ್ಕೆ ಬರುವುದೇ ಸುಮಾರು 20 ಕೋಟಿ, ಅದಕ್ಕೆ ಹೋಲಿಸಿದ್ರೆ ವಸೂಲಿಯ ಖರ್ಚು ಜಾಸ್ತಿ ಅಂತ ಬಜೆಟ್ ಭಾಷಣದಲ್ಲೇ ಹೇಳಿದ್ರು. ಆ ವರ್ಷ ಮಾರ್ಚ್ 16ರಿಂದ ಈಚೆಗೆ ತೀರಿಹೋದ ಯಾರ ಆಸ್ತಿಗೂ ಆ ಟ್ಯಾಕ್ಸ್ ಇಲ್ಲ. 1998ರಲ್ಲಿ ಗಿಫ್ಟ್ ಟ್ಯಾಕ್ಸ್ ಹೋಯ್ತು, 2015ರ ಬಜೆಟಲ್ಲಿ ಅರುಣ್ ಜೇಟ್ಲಿ ವೆಲ್ತ್ ಟ್ಯಾಕ್ಸನ್ನೂ ತೆಗೆದ್ರು.

ನಿಮ್ಮ ಗ್ರೂಪಿಗೆ ಬಂದಂಥ ಮೆಸೇಜುಗಳು ಎಲ್ಲ ಕಡೆ ಹರಡಿದ್ದು 2024ರ ಚುನಾವಣೆ ಸಮಯದಲ್ಲಿ. ಸ್ಯಾಮ್ ಪಿತ್ರೋಡಾ ಅಮೆರಿಕದ ಪಿತ್ರಾರ್ಜಿತ ತೆರಿಗೆ ಬಗ್ಗೆ ಒಂದು ಮಾತು ಹೇಳಿದ್ರು, ಅವರದೇ ಕಾಂಗ್ರೆಸ್ ಪಕ್ಷ ಅದು ನಮ್ಮ ನಿಲುವಲ್ಲ ಅಂತ ಹೇಳ್ತು, ಬಿಜೆಪಿಯವರು ಭಾಷಣದಲ್ಲೆಲ್ಲ ಅದನ್ನೇ ಹಿಡಿದ್ರು. ಚುನಾವಣೆ ಮುಗೀತು, ಹೆದರಿಕೆ ಮಾತ್ರ ಜನರ ಫೋನಲ್ಲಿ ಉಳೀತು. ಇನ್ನೊಂದು ತಿಳ್ಕೊಳ್ಳಿ, ಕೃಷಿಭೂಮಿ ಮೇಲೆ ಇಂಥ ಟ್ಯಾಕ್ಸ್ ಹಾಕುವ ವಿಷಯ ನಮ್ಮ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿ ಉಂಟು, ಕೇಂದ್ರದ ಪಟ್ಟಿಯಲ್ಲಿ ಕೃಷಿಭೂಮಿ ಬಿಟ್ಟು ಉಳಿದ ಆಸ್ತಿ ಮಾತ್ರ.

ಈಗಲೇ ಮಕ್ಕಳ ಹೆಸರಿಗೆ ಮಾಡುವುದಾ? ದಯಮಾಡಿ ಅವಸರ ಮಾಡ್ಬೇಡಿ. ದಾನಪತ್ರ ಒಮ್ಮೆ ರಿಜಿಸ್ಟರ್ ಆದ್ರೆ ತೋಟ ನಿಮ್ಮದಲ್ಲ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಸೆಕ್ಷನಲ್ಲಿ ದಾನ ರದ್ದು ಮಾಡ್ಲಿಕ್ಕೆ ದಾರಿ ಉಂಟು, ಆದ್ರೆ ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟದ್ದು ಅಂತ ಇರ್ಬೇಕು, ಅದನ್ನು ದಾನಪತ್ರದಲ್ಲೇ ಬರೆಸದಿದ್ರೆ ಆಮೇಲೆ ಆಫೀಸಿಂದ ಆಫೀಸಿಗೆ ಅಲೆಯುವವರು ನೀವೇ. ಒಂದು ವಿಲ್ ಬರೆದಿಡಿ, ಇಬ್ಬರು ಸಾಕ್ಷಿ, ಬೇಕಾದ್ರೆ ರಿಜಿಸ್ಟರ್ ಮಾಡಿಸಿ, ಯಾವಾಗ ಬೇಕಾದ್ರೂ ಬದಲಾಯಿಸಬಹುದು. ಕೊಡಲೇಬೇಕು ಅಂತಿದ್ರೆ ನಿಮಗೂ ಅತ್ತಿಗೆಗೂ ಬದುಕಿರುವವರೆಗೆ ಅನುಭವಿಸುವ ಹಕ್ಕು ಇಟ್ಟುಕೊಂಡೇ ಬರೆಸಿ. ಮತ್ತೆ ಮಗಳ ಹೆಸರು ಬಿಡ್ಬೇಡಿ.

ಇನ್ನು ನ್ಯಾಯದ ಮಾತು. ನಿಮ್ಮ ನಾಲ್ಕು ಎಕರೆಗೆ ಟ್ಯಾಕ್ಸ್ ಹಾಕಿದ್ರೆ ಅದು ಅನ್ಯಾಯವೇ. ಕಾಗದದಲ್ಲಿ ನೋಡಿದ್ರೆ ದೊಡ್ಡ ಬೆಲೆ, ಕೈಯಲ್ಲಿ ನೋಡಿದ್ರೆ ಮಳೆಗಾಲಕ್ಕೆ ಮೊದಲು ಬೋರ್ಡೋ ಮದ್ದು ಬಿಡಿಸ್ಲಿಕ್ಕೆ ಮರ ಹತ್ತುವವರಿಗೆ ಕೊಡುವ ದುಡ್ಡಿಗೇ ಸೊಸೈಟಿಯಲ್ಲಿ ಸಾಲ, ಒಂದು ವಾರ ಬಿಸಿಲು ಬಾರದೆ ಮಳೆ ಹೊಡೆದ್ರೆ ಕೊಳೆರೋಗದಲ್ಲಿ ಹಸಿಕಾಯಿ ಬುಡಕ್ಕೆ ಬಿದ್ದಿರ್ತದೆ. ಅಂಥ ಜಾಗಕ್ಕೆ ಟ್ಯಾಕ್ಸ್ ಅಂದ್ರೆ ಅರ್ಧ ತೋಟ ಮಾರಿಯೇ ಕಟ್ಟಬೇಕಷ್ಟೆ. ಬ್ರಿಟನಲ್ಲಿ ಅದೇ ಗಲಾಟೆ ಆಯ್ತು, 2024ರ ಬಜೆಟಲ್ಲಿ ಕೃಷಿಭೂಮಿಗೆ ಇದ್ದ ವಿನಾಯಿತಿ ಕಡಿಮೆ ಮಾಡಿದ್ದಕ್ಕೆ ನವೆಂಬರಲ್ಲಿ ರೈತರು ಲಂಡನಿಗೆ ಬಂದು ಕೂತ್ರು, ಆಮೇಲೆ ಸರಕಾರವೇ ಮಿತಿಯನ್ನು ಏರಿಸಬೇಕಾಯ್ತು.

ಆದ್ರೆ ಅಣ್ಣಾ, ನಿಮ್ಮ ಪತ್ರದಲ್ಲಿ ನೀವೇ ಬರೆದ ಒಂದು ಸಾಲನ್ನು ನಾನು ಎರಡು ಸಲ ಓದಿದೆ. ಅಜ್ಜ ಗೇಣಿಗೆ ಮಾಡ್ತಿದ್ದದ್ದು, ಅಪ್ಪನ ಹೆಸರಿಗೆ ಪಟ್ಟೆ ಆದದ್ದು. ಅದು ಹೇಗೆ ಆಯ್ತು? 1963ರ ಕೇರಳ ಭೂಸುಧಾರಣೆ ಕಾಯಿದೆ, ಅದರ ತಿದ್ದುಪಡಿ 1970ರ ಜನವರಿ 1ಕ್ಕೆ ಜಾರಿ ಆದ ಮೇಲೆ, ಲ್ಯಾಂಡ್ ಟ್ರಿಬ್ಯೂನಲಲ್ಲಿ. ಆ ಜಾಗದ ಧಣಿಗೂ ಅದು ಅಪ್ಪನಿಂದ, ಅಜ್ಜನಿಂದ ಬಂದ ಆಸ್ತಿಯೇ ಆಗಿತ್ತಲ್ಲ. ಗೈದವನಿಗೆ ಜಾಗ ಅಂತ ಕಾನೂನು ಹೇಳಿದ್ದರಿಂದ ನಿಮ್ಮ ಅಜ್ಜ ಮುಡಿ ಅಕ್ಕಿ ಲೆಕ್ಕದಲ್ಲಿ ಗೇಣಿ ಅಳೆಯುವುದು ನಿಂತು ನಿಮ್ಮ ಅಪ್ಪ ಭೂಮಿಗೆ ಹಕ್ಕುದಾರ ಆದ್ರು. ನನ್ನ ತವರುಮನೆ ಜಾಗವೂ ಹಾಗೇ ಬಂದದ್ದು. ಪಿತ್ರಾರ್ಜಿತಕ್ಕೆ ಯಾರೂ ಕೈ ಹಚ್ಚಬಾರದು ಅಂತ ಅವತ್ತು ಎಲ್ಲರೂ ಹೇಳಿದ್ದಿದ್ರೆ ಇವತ್ತು ನೀವು ಹೆದರ್ಲಿಕ್ಕೆ ಈ ತೋಟವೇ ಇರ್ತಿರಲಿಲ್ಲ.

ಪ್ರಶ್ನೆ: ಅಕ್ಕಾ, ನಾನು ಎಂ.ಕಾಂ. ವಿದ್ಯಾರ್ಥಿನಿ. ಕ್ಲಾಸಲ್ಲಿ ಇದರ ಬಗ್ಗೆ ಡಿಬೇಟ್ ಆಯ್ತು. ಟ್ಯಾಕ್ಸ್ ಬೇಕು ಅಂತ ಹೇಳಿದವಳು ನಾನೊಬ್ಬಳೇ. ಅಪ್ಪ ಒಮ್ಮೆ ಟ್ಯಾಕ್ಸ್ ಕಟ್ಟಿ ಉಳಿಸಿದ್ದಕ್ಕೆ ಮತ್ತೆ ಯಾಕೆ ಟ್ಯಾಕ್ಸ್ ಅಂತ ಎಲ್ಲರೂ ಕೇಳಿದ್ರು, ನನಗೆ ಸರಿಯಾಗಿ ಉತ್ತರ ಹೇಳ್ಲಿಕ್ಕೆ ಆಗ್ಲಿಲ್ಲ. ನಾನು ಹೇಳಿದ್ದು ತಪ್ಪಾ? ನನ್ನ ಅಪ್ಪ ಬೀಡಿ ಕಾಂಟ್ರಾಕ್ಟರ ಹತ್ರ ಲೆಕ್ಕ ಬರೆಯುವವರು, ನನಗೆ ಬರುವ ಆಸ್ತಿ ಅಂದ್ರೆ ಎಜುಕೇಷನ್ ಲೋನು.
(ಮಂಜೇಶ್ವರದ ಒಬ್ಬ ಓದುಗಳು)

ಉತ್ತರ: ತಪ್ಪಲ್ಲ ತಂಗೀ. ನೀನು ಹೇಳಿದ್ದೇ ಸರಿ ಅಂತ ನಾನು ನಂಬ್ತೇನೆ, 31 ವರ್ಷ ಲೆಕ್ಕಪುಸ್ತಕ ನೋಡಿದ ಮೇಲೆ ಇನ್ನೂ ಗಟ್ಟಿಯಾಗಿ ನಂಬ್ತೇನೆ.

ಅಪ್ಪ ಒಮ್ಮೆ ಟ್ಯಾಕ್ಸ್ ಕಟ್ಟಿದ್ದಾರಲ್ಲ ಅನ್ನುವುದಕ್ಕೆ ಉತ್ತರ ನಿನ್ನ ಊರಿನ ಮುಂದೆಯೇ ಉಂಟು. ತಲಪಾಡಿಯಿಂದ ಚೆಂಗಳದ ತನಕ ರಾಷ್ಟ್ರೀಯ ಹೆದ್ದಾರಿ 66 ಆರು ಲೇನು ಆಯ್ತಲ್ಲ, ಆ ರೋಡಿನ ಬದಿಗೆ ಜಾಗ ಇದ್ದವರು ಹತ್ತು ವರ್ಷದಲ್ಲಿ ಏನು ಮಾಡಿದ್ರು? ಜಾಗದಲ್ಲಿ ಹುಲ್ಲು ಬೆಳೀತು, ರೇಟು ಏರಿತು. ಏರಿಸಿದ್ದು ರೋಡು, ರೋಡು ಆದದ್ದು ನಿನ್ನ ಅಪ್ಪನಂಥವರು ಬೆಂಕಿಪೆಟ್ಟಿಗೆಯಿಂದ ಹಿಡಿದು ಚಪ್ಪಲಿ ತನಕ ಕಟ್ಟಿದ ಜಿಎಸ್‌ಟಿಯಿಂದಲೂ. ಆ ಏರಿದ ಬೆಲೆಗೆ ಯಾರೂ ಇನ್ನೂ ಟ್ಯಾಕ್ಸ್ ಕಟ್ಟಿಲ್ಲ, ಮಾರಿದಾಗ ಮಾತ್ರ ಕಟ್ಟುವುದು. ಮಾರದೆ ಮಗನಿಗೆ, ಮಗ ಮೊಮ್ಮಗನಿಗೆ ಕೊಡ್ತಾ ಹೋದ್ರೆ ಯಾವತ್ತಿಗೂ ಇಲ್ಲ. ಜಾಗದ ವಿಷಯ ಬಿಡು, ದೊಡ್ಡ ದೊಡ್ಡ ಕಂಪೆನಿಯ ಒಡೆಯರ ಶೇರುಗಳು ಹೀಗೇ, ಹತ್ತು ರೂಪಾಯಿಯ ಶೇರು ಸಾವಿರ ರೂಪಾಯಿ ಆಗಿ, ಮಾರದೆ ಮುಂದಿನ ತಲೆಮಾರಿಗೆ ಹೋಗ್ತದೆ, ಮಧ್ಯದ 990 ರೂಪಾಯಿಗೆ ಅಪ್ಪನೂ ಕಟ್ಟಿಲ್ಲ, ಮಗನೂ ಕಟ್ಟಿಲ್ಲ. ನೀನು ನಾಳೆ ಕೆಲಸಕ್ಕೆ ಸೇರಿದ್ರೆ ಸಂಬಳ ಕೈಗೆ ಬರುವ ಮೊದಲೇ ಟಿಡಿಎಸ್ ಹಿಡೀತಾರೆ. ದುಡಿದವಳಿಗೆ ಟ್ಯಾಕ್ಸ್, ಹುಟ್ಟಿದ್ದಕ್ಕೆ ಸಿಕ್ಕಿದವನಿಗೆ ಇಲ್ಲ. ಇದು ನನಗೆ ಎಷ್ಟು ಯೋಚನೆ ಮಾಡಿದ್ರೂ ಸರಿ ಕಾಣುದಿಲ್ಲ.

ಹೊರಗಿನ ದೇಶದಲ್ಲಿ ಎರಡೂ ಥರ ಉಂಟು, ಡಿಬೇಟಲ್ಲಿ ಇನ್ನೊಂದು ಬದಿಯವರು ಕೇಳಿದ್ರೆ ಅಡಗಿಸಿಡ್ಬೇಡ. ಆಸ್ಟ್ರೇಲಿಯಾ 1979ರಲ್ಲಿ ಕೇಂದ್ರದ ಎಸ್ಟೇಟ್ ಡ್ಯೂಟಿ ತೆಗೀತು, ಸ್ವೀಡನ್ 2004ರಲ್ಲಿ ತೆಗೀತು, ನಾರ್ವೆ 2014ರಲ್ಲಿ. ಜಪಾನಲ್ಲಿ ಈಗಲೂ ಮೇಲಿನ ದರ ಶೇ. 55, ಬ್ರಿಟನಲ್ಲಿ 3,25,000 ಪೌಂಡಿನ ಮೇಲಕ್ಕೆ ಶೇ. 40, ಅಮೆರಿಕದಲ್ಲೂ ಶೇ. 40, ಆದ್ರೆ ಅಲ್ಲಿ 2026ಕ್ಕೆ ಒಂದೂವರೆ ಕೋಟಿ ಡಾಲರ್ ತನಕ ಏನೂ ಇಲ್ಲ, ಹಾಗಾಗಿ ಅಲ್ಲಿಯೂ ಸಾಮಾನ್ಯ ಮನೆಯವರಿಗೆ ಅದು ತಾಗುವುದೇ ಇಲ್ಲ. ದಕ್ಷಿಣ ಕೊರಿಯಾದ ಲೆಕ್ಕ ಹೇಳು ಕ್ಲಾಸಲ್ಲಿ. ಸ್ಯಾಮ್‌ಸಂಗಿನ ಲೀ ಕುನ್-ಹೀ 2020ರ ಅಕ್ಟೋಬರಲ್ಲಿ ತೀರಿಹೋದ್ರು, ಮನೆಯವರು ಕಟ್ಟಬೇಕಾದ್ದು 12 ಲಕ್ಷ ಕೋಟಿ ವೊನ್‌ಗಿಂತ ಹೆಚ್ಚು, ನಮ್ಮ ದುಡ್ಡಲ್ಲಿ ಆಗಿನ ರೇಟಿಗೆ ಸುಮಾರು 80,000 ಕೋಟಿ ರೂಪಾಯಿ, ಐದು ವರ್ಷದ ಕಂತಲ್ಲಿ ಕಟ್ತೇವೆ ಅಂತ ಹೇಳಿದ್ರು. ಕಂಪೆನಿ ಮುಚ್ಚಲಿಲ್ಲ, ನಿನ್ನ ಕ್ಲಾಸಲ್ಲಿ ಎಷ್ಟು ಜನರ ಕೈಯಲ್ಲಿ ಆ ಫೋನು ಉಂಟು ನೋಡು.

ಶ್ರೀಮಂತರು ಟ್ರಸ್ಟು, ಕಂಪೆನಿ, ಬೇನಾಮಿ ಅಂತ ದಾರಿ ಹುಡುಕ್ತಾರೆ ಅನ್ನುವುದು ಗಟ್ಟಿ ವಾದ. ಹುಡುಕ್ತಾರೆ, ನಾನೇ ನೋಡಿದ್ದೇನೆ, ಗಂಡ ಒಂದು ಫೈಲು, ಹೆಂಡತಿ ಒಂದು ಫೈಲು, ಅವಿಭಕ್ತ ಕುಟುಂಬ ಅಂತ ಇನ್ನೊಂದು ಫೈಲು (ಕೇರಳದಲ್ಲಿ 1976ರ ಡಿಸೆಂಬರ್ 1ರಿಂದ ಹಿಂದೂ ಅವಿಭಕ್ತ ಕುಟುಂಬವೇ ಕಾನೂನಲ್ಲಿ ರದ್ದಾಗಿದೆ, ಗಡಿ ದಾಟಿದ್ರೆ ಮಂಗಳೂರಲ್ಲಿ ಉಂಟು). ಹಾಗಂತ ಟ್ಯಾಕ್ಸೇ ಬೇಡ ಅಂತ ಆಗುದಿಲ್ಲ, ಶೇ. 85ರಂಥ ದರ ಬೇಡ ಅಂತ ಆಗ್ತದೆ. ನನ್ನನ್ನು ಕೇಳಿದ್ರೆ 10 ಕೋಟಿ ಮೇಲೆ ಇದ್ದವರಿಗೆ ಮಾತ್ರ, ಶೇ. 10ರಿಂದ ಸುರು ಮಾಡಿ 20ಕ್ಕೆ ನಿಲ್ಲಿಸ್ಲಿ, ವಾಸದ ಮನೆ ಒಂದು, ಸ್ವಂತ ನಡೆಸುವ ತೋಟ-ಗದ್ದೆ ಪೂರ್ತಿ ಹೊರಗೆ, ಹತ್ತು ವರ್ಷದ ಕಂತು ಕೊಡ್ಲಿ. 1953ರಲ್ಲಿ ಇಲ್ಲದ್ದು ಈಗ ಪಾನ್ ಉಂಟು, ಡಿಮ್ಯಾಟ್ ಉಂಟು, ಶೇರು ಯಾರ ಹೆಸರಲ್ಲಿ ಉಂಟು ಅಂತ ಒಂದು ನಿಮಿಷದಲ್ಲಿ ಗೊತ್ತಾಗ್ತದೆ. ಹಳೇ ಎಸ್ಟೇಟ್ ಡ್ಯೂಟಿ ಹಣ ಸಂವಿಧಾನದ ಪ್ರಕಾರ ರಾಜ್ಯಗಳಿಗೆ ಹೋಗ್ಬೇಕಾದ್ದು ಆಗಿತ್ತು, ಹೊಸತು ಬಂದ್ರೂ ಹಾಗೇ ಇರ್ಬೇಕು.

ಯಾಕೆ ಅಂದ್ರೆ ನಮ್ಮ ಜಿಲ್ಲೆಯಲ್ಲಿ ಬೇರೆ ಒಂದು ಪಿತ್ರಾರ್ಜಿತ ಉಂಟು, ಅದನ್ನು ಡಿಬೇಟಲ್ಲಿ ಯಾರೂ ಹೇಳಿರ್ಲಿಕ್ಕಿಲ್ಲ. ಪ್ಲಾಂಟೇಷನ್ ಕಾರ್ಪೊರೇಷನಿನ ಗೇರು ತೋಟಕ್ಕೆ ಎರಡು ದಶಕಕ್ಕಿಂತ ಹೆಚ್ಚು, 2000ನೇ ಇಸವಿ ತನಕ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು. ಎಣ್ಮಕಜೆ ಕಡೆ ಅಪ್ಪ-ಅಮ್ಮನಿಂದ ಮಕ್ಕಳಿಗೆ ಬಂದದ್ದು ಜಾಗ ಅಲ್ಲ, ಮೇಲೇಳ್ಲಿಕ್ಕೆ ಆಗದ ದೇಹ. ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಒಬ್ಬೊಬ್ಬರಿಗೆ 5 ಲಕ್ಷ, ಮೂರು ತಿಂಗಳೊಳಗೆ ಕೊಡಿ ಅಂತ ಹೇಳಿದ್ರೂ 2022ರಲ್ಲಿ ಅದೇ ಕೋರ್ಟು ಮತ್ತೆ ಸರಕಾರವನ್ನು ಗದರಿಸಬೇಕಾಯ್ತು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಇವತ್ತಿಗೂ ನಮ್ಮವರು ದೊಡ್ಡ ಕಾಯಿಲೆ ಅಂದ್ರೆ ಮಂಗಳೂರಿನ ಗಾಡಿ ಹತ್ತುವುದು. ಕೇಳಿದಾಗೆಲ್ಲ ದುಡ್ಡಿಲ್ಲ ಅಂತಾರೆ. ನೂರು ಕೋಟಿ ಕೈಬದಲಾಗುವಾಗ ಹತ್ತು ಕೋಟಿ ಇಂಥ ಮಕ್ಕಳ ಫಿಸಿಯೋಥೆರಪಿಗೆ, ಅವರನ್ನು ಹೊತ್ತು ಹೊತ್ತು ಸೊಂಟ ಹೋದ ಅಮ್ಮಂದಿರಿಗೆ ಬಂದ್ರೆ ಆ ನೂರು ಕೋಟಿಯವರ ಮಕ್ಕಳು ಬಡವರಾಗ್ತಾರಾ? ನನಗೆ ಈ ಮಾತು ಬರೆಯುವಾಗ ಕೈ ನಡುಗ್ತದೆ ತಂಗೀ, ನೀನು ಕ್ಲಾಸಲ್ಲಿ ಧೈರ್ಯದಿಂದ ಹೇಳು.

ಪ್ರಶ್ನೆ: ಅಪ್ಪ 2004ರಲ್ಲಿ ಮಂಗಳೂರಲ್ಲಿ 12 ಲಕ್ಷಕ್ಕೆ ತೆಗೆದ ಫ್ಲಾಟು, 2019ರಲ್ಲಿ ಅವರು ತೀರಿಹೋದ ಮೇಲೆ ನನ್ನ ಹೆಸರಿಗೆ ಬಂತು. ಈಗ 52 ಲಕ್ಷಕ್ಕೆ ಪಾರ್ಟಿ ಬಂದಿದೆ. ಪಿತ್ರಾರ್ಜಿತಕ್ಕೆ ಟ್ಯಾಕ್ಸ್ ಇಲ್ಲ ಅಂತ ಬ್ರೋಕರು ಹೇಳ್ತಾರೆ, ಸರಿಯಾ?
(ಮುಳ್ಳೇರಿಯದ ಒಬ್ಬ ಓದುಗರು)

ಉತ್ತರ: ಬಂದದ್ದಕ್ಕೆ ಇಲ್ಲ, ಮಾರಿದ್ದಕ್ಕೆ ಉಂಟು. ಅಪ್ಪ ಕೊಟ್ಟ 12 ಲಕ್ಷವೇ ನಿಮ್ಮ ಖರೀದಿ ಬೆಲೆ ಅಂತ ಲೆಕ್ಕ. 40 ಲಕ್ಷ ಲಾಭಕ್ಕೆ ಶೇ. 12.5 ಅಂದ್ರೆ 5 ಲಕ್ಷ, ಮೇಲೆ ಸೆಸ್. ಆದ್ರೆ 2024ರ ಜುಲೈ 23ಕ್ಕೆ ಮೊದಲು ಕೈಗೆ ಬಂದ ಜಾಗ-ಮನೆಗೆ ಬೆಲೆಯೇರಿಕೆ ಸೇರಿಸಿ ಶೇ. 20ರಲ್ಲಿ ಕಟ್ಟುವ ಹಳೇ ಲೆಕ್ಕವೂ ನಿಮಗೆ ಸಿಗ್ತದೆ, ನಿಮ್ಮ ಫ್ಲಾಟು ಅಷ್ಟು ಹಳತಾದ ಕಾರಣ ಅದರಲ್ಲೇ ಕಮ್ಮಿ ಬರ್ಬಹುದು, ಎರಡೂ ಹಾಕಿ ನೋಡ್ಲಿಕ್ಕೆ ಹೇಳಿ. ಬ್ರೋಕರ ಮಾತು ಕೇಳಿ ರಿಟರ್ನಲ್ಲಿ ತೋರಿಸದೆ ಇರ್ಬೇಡಿ.

ಪ್ರಶ್ನೆ: ಅಕ್ಕಾ, ಅಪ್ಪ 2018ರಲ್ಲಿ ತೀರಿಹೋದ್ರು, ವಿಲ್ ಇಲ್ಲ. ಅವರೇ ದುಡಿದು ತೆಗೆದ ಒಂದೂವರೆ ಎಕರೆ ಮತ್ತು ಮನೆ. ಅಮ್ಮ, ಇಬ್ಬರು ಅಣ್ಣಂದಿರು, ನಾನು. ಈಗ ಅಣ್ಣಂದಿರು, ನಿನ್ನ ಹೆಸರು ಸೇರಿಸಿದ್ರೆ ಟ್ಯಾಕ್ಸ್ ಬೀಳ್ತದೆ, ಹೊಸ ಕಾನೂನು ಬರ್ಲಿಕ್ಕುಂಟು, ರಿಲೀಸಿಗೆ (ಪಾಲು ಬಿಟ್ಟುಕೊಡುವ ಪತ್ರಕ್ಕೆ) ಸಹಿ ಹಾಕು, ಅಮ್ಮನೂ ಹಾಕ್ತಾರೆ ಅಂತಾರೆ. ಬರುವ ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಾ ಅಂದಿದ್ದಾರೆ. ಅಣ್ಣಂದಿರ ಹತ್ರ ಜಗಳ ಬೇಡ ಅಂತ ಕಾಣ್ತದೆ.
(ಕುಂಬಳೆಯ ಒಬ್ಬ ಓದುಗಳು)

ಉತ್ತರ: ಸೋಮವಾರ ಹೋಗ್ಬೇಡ ತಂಗೀ.

ನನ್ನ ಅಮ್ಮನ ಕಥೆ ಹೇಳ್ತೇನೆ. 1972. ಅಜ್ಜ ತೀರಿಹೋಗಿ ವರ್ಷಾಂತ ಕಳೆದಿತ್ತಷ್ಟೆ. ಎಸ್ಟೇಟ್ ಡ್ಯೂಟಿ ಅಂತ ಒಂದು ಉಂಟಂತೆ, ಹೆಸರು ಹೆಚ್ಚಾದಷ್ಟು ಸರಕಾರಕ್ಕೆ ಹೆಚ್ಚು ಕಟ್ಟಬೇಕಂತೆ ಅಂತ ಮಾವ ಹೇಳಿ ಅಮ್ಮನನ್ನೂ ಚಿಕ್ಕಮ್ಮನನ್ನೂ ಬಸ್ಸಲ್ಲಿ ಕರ್ಕೊಂಡು ಹೋದ್ರು. ನಾನು ಅಮ್ಮನ ಸೆರಗು ಹಿಡಿದು ಆಫೀಸಿನ ಜಗಲಿಯಲ್ಲಿ ನಿಂತಿದ್ದೆ. ಕಾಗದ ಕನ್ನಡದಲ್ಲೇ ಇತ್ತು, ಅಮ್ಮನಿಗೆ ಓದ್ಲಿಕ್ಕೆ ಚೆನ್ನಾಗಿ ಬರ್ತಿತ್ತು, ಆದ್ರೆ ಯಾರೂ ಅದನ್ನು ಅವಳ ಕೈಗೆ ಕೊಡ್ಲಿಲ್ಲ, ಕೊನೆಯ ಹಾಳೆಯನ್ನು ಮಾತ್ರ ತಿರುಗಿಸಿ ಇಲ್ಲಿ, ಇಲ್ಲಿ ಅಂತ ಬೆರಳು ತೋರಿಸಿದ್ರು. ಹೆಬ್ಬೆರಳಿನ ನೀಲಿ ಶಾಯಿಯನ್ನು ಅವಳು ಬರುವಾಗ ಬಸ್ ಸ್ಟ್ಯಾಂಡಿನ ಗೋಡೆಗೆ ಉಜ್ಜಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಮಾವ ಒಂದು ಸೀರೆ, ಎರಡು ಮುಡಿ ಅಕ್ಕಿ ಕಳಿಸಿದ್ರು. ನಾನು ಕೆಲಸಕ್ಕೆ ಸೇರಿದ ಮೇಲೆ ಆ ಹಳೇ ಕಾಯಿದೆ ತೆಗೆದು ಓದಿದೆ, ಆಗ 50,000 ರೂಪಾಯಿ ತನಕದ ಆಸ್ತಿಗೆ ಡ್ಯೂಟಿಯೇ ಇರಲಿಲ್ಲ, ಅಜ್ಜನ ಗದ್ದೆ, ಮನೆ, ದನ ಎಲ್ಲ ಸೇರಿಸಿದ್ರೂ ಅದರ ಅರ್ಧ ಆಗ್ತಿರಲಿಲ್ಲ. ಅಮ್ಮನಿಗೆ ಹೇಳಿದೆ. ಅವಳು ಏನೂ ಹೇಳದೆ ಒಳಗೆ ಹೋದಳು.

ಆ ಟ್ಯಾಕ್ಸ್ ಹೋಗಿ 40 ವರ್ಷ ದಾಟಿತು, ಅದೇ ಹೆಸರಲ್ಲಿ ಇವತ್ತು ನಿನ್ನನ್ನು ಕರೀತಾರೆ. ನಿನ್ನ ಹೆಸರು ಸೇರಿದ್ರೆ ಯಾವ ಟ್ಯಾಕ್ಸೂ ಬೀಳುದಿಲ್ಲ. ಇನ್ನು ಮುಂದೆ ಕಾನೂನು ಬಂದ್ರೂ ಒಂದೂವರೆ ಎಕರೆಯವರಿಗೆ ಬರಬಾರದು, ಬಂದ್ರೆ ನಾನೇ ಬೀದಿಗಿಳೀತೇನೆ. ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ ವಿಲ್ ಇಲ್ಲದೆ ತೀರಿಹೋದ ತಂದೆಯ ಸ್ವಂತ ಸಂಪಾದನೆಯಲ್ಲಿ ಹೆಂಡತಿಗೂ ಮಕ್ಕಳಿಗೂ ಸಮ ಪಾಲು, ನಿಮ್ಮ ಅಜ್ಜಿ (ಅಪ್ಪನ ಅಮ್ಮ) ಮೊದಲೇ ತೀರಿಹೋಗಿದ್ರೆ ನಿಮ್ಮಲ್ಲಿ ನಾಲ್ಕು ಜನಕ್ಕೆ ಕಾಲು ಕಾಲು. ಮದುವೆಗೆ ಖರ್ಚು ಮಾಡಿದ್ದೇವೆ ಅನ್ನುವುದು ಕಾನೂನಲ್ಲಿ ಲೆಕ್ಕಕ್ಕಿಲ್ಲ.

ಜಗಳ ಮಾಡ್ಬೇಕಾಗಿಲ್ಲ. ನಾನು ಮೊದಲು ಓದ್ಬೇಕು, ಡ್ರಾಫ್ಟಿನ ಕಾಪಿ ಕೊಡಿ ಅಂತ ಮಾತ್ರ ಹೇಳು. ಮಲಯಾಳದಲ್ಲಿ ಬರೆಸಿದ್ರೆ ಕನ್ನಡದಲ್ಲಿ ಓದಿ ಹೇಳುವವರನ್ನು ನೀನೇ ಹುಡುಕು, ಅವರು ಕರ್ಕೊಂಡು ಬಂದವರು ಬೇಡ. ತಾಲೂಕು ಆಫೀಸಿನಲ್ಲಿ ವಾರಸುದಾರರ ಸರ್ಟಿಫಿಕೇಟಿಗೆ ಅರ್ಜಿ ಹಾಕು, ನಾಲ್ಕೂ ಹೆಸರು ಬರ್ಲಿ, ಅರ್ಜಿ ಕನ್ನಡದಲ್ಲೇ ಬರೆಯಬಹುದು, ಸರಕಾರಕ್ಕೆ ಕನ್ನಡದಲ್ಲಿ ಬರೆಯುವ ಹಕ್ಕು ಇಲ್ಲಿಯ ಕನ್ನಡಿಗರಿಗೆ 1969ರ ಕೇರಳ ಭಾಷಾ ಕಾಯಿದೆಯಲ್ಲೇ ಉಂಟು. ಎಲ್ಲ ಗೊತ್ತಾದ ಮೇಲೂ ಅಣ್ಣಂದಿರಿಗೆ ಬಿಟ್ಟುಕೊಡ್ಬೇಕು ಅಂತ ನಿನಗೇ ಕಂಡ್ರೆ ಅದು ನಿನ್ನ ಇಷ್ಟ. ಆದ್ರೆ ಅಮ್ಮನ ಕಾಲು ಪಾಲು ಮಾತ್ರ ಅವರು ಬದುಕಿರುವ ತನಕ ಅವರ ಹೆಸರಲ್ಲೇ ಇರ್ಲಿ, ಇವತ್ತು ರಾತ್ರಿಯೇ ಅವರಿಗೆ ಫೋನ್ ಮಾಡಿ ಹೇಳು.